ಹಡಗಿನವರು ಪಾಸ್‌ಪೋರ್ಟ್ ಕೇಳಿದಾಗ

ಕುವೈತಿನಲ್ಲಿದ್ದ ನಮ್ಮೂರಿನವರ ಪಾಲಿಗೆ ರಜೆ ಎಂದರೆ ಮಂಗಳೂರು. ಈ ಸಲ ರಜೆ ಯಾವಾಗ ಎಂದು ಕೇಳುತ್ತಿದ್ದರೇ ಹೊರತು ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಒಂದು ರಜೆ ತಂಗಿಯ ಮದುವೆಗೆ ಹೋಯಿತು, ಇನ್ನೊಂದು ಭಾವನ ಗೃಹಪ್ರವೇಶಕ್ಕೆ, ಮತ್ತೊಂದು ಅತ್ತೆಯ ಕಣ್ಣಿನ ಆಪರೇಷನ್ನಿಗೆ. ಊರಿನಿಂದ ವಾಪಸ್ಸು ಬಂದು ಫರ್ವಾನಿಯಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನ ಬಾಗಿಲು ತೆಗೆದಾಗ, ಇನ್ನಾದರೂ ಡ್ಯೂಟಿಗೆ ಹೋಗಿ ಸ್ವಲ್ಪ ಸುಧಾರಿಸಿಕೊಳ್ಳೋಣ ಅನಿಸುತ್ತಿತ್ತು.

ಕೊಲ್ಲಿ ಯುದ್ಧ ಮುಗಿದು ಎಂಟನೆಯ ವರ್ಷವಿರಬೇಕು. ನಮ್ಮ ವಾರ್ಡಿನ ಗೋವಾದ ನರ್ಸ್ ಒಬ್ಬಳು ಇಟಲಿಯಲ್ಲಿ ಹಡಗು ಹತ್ತಿ, ಫ್ರಾನ್ಸ್ ಮತ್ತು ಸ್ಪೇನಿನ ಒಂದೊಂದು ಊರು ನೋಡಿ, ಐದನೆಯ ದಿನ ಅಲ್ಲೇ ಇಳಿದು ಬಂದ ಫೋಟೋಗಳನ್ನು ತೋರಿಸಿದಳು. ಅವುಗಳಲ್ಲಿ ಅವಳು ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದಳು. ಕೈಯಲ್ಲಿ ಕೆಲಸವಿಲ್ಲ, ಪಕ್ಕದಲ್ಲಿ ನೆಂಟರಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಬಂದವಳೇ ಗಂಡನಿಗೆ ಹೇಳಿದೆ: ಈ ವರ್ಷ ಹಡಗು.

ಅವರು ಕುವೈತ್ ನಗರದ ಶರ್ಕ್‌ನ ಒಂದು ಆಫೀಸಿನಲ್ಲಿ ಸರಕು ಸಾಗಣೆಯ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ವರ್ಷವಿಡೀ ಹಡಗಿನ ಕಾಗದ ನೋಡುವವನು ರಜೆಯಲ್ಲೂ ಹಡಗೇ ನೋಡಬೇಕಾ ಎಂದು ತಮಾಷೆ ಮಾಡಿದರು, ಬೇಡ ಎನ್ನಲಿಲ್ಲ. ಬೇಡ ಎಂದವಳು ನನ್ನ ಅಮ್ಮ. ಈ ಸಲ ಊರಿಗೆ ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿದಾಗ ಅವಳು ಯಾರ ಕೆಲಸ ಹೋಯಿತು ಎಂದು ಕೇಳಿದಳು. ಕೆಲಸ ಹೋಗಿಲ್ಲ, ತಿರುಗಾಡಲು ಹೋಗುತ್ತಿದ್ದೇವೆ ಎಂದರೆ ನಂಬಲೇ ಇಲ್ಲ. ಅವಳ ಸಮಾಧಾನಕ್ಕಾಗಿ ಇಬ್ಬರೂ ಸಂಬಳ ಬಂದಿದೆ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಬೇಕಾಯಿತು.

ತಿರುಗಾಡಲು ಹೋಗುವುದು ಹೇಗೆ ಎಂದು ನಮಗೂ ಗೊತ್ತಿರಲಿಲ್ಲ. ಊರಿಗೆ ಹೋಗುವ ಹಾಗೆಯೇ ಗಂಟುಮೂಟೆ ಕಟ್ಟಿದೆವು. ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಪೆಟ್ಟಿಗೆ ಹಿಡಿದುಕೊಂಡು ನಿಂತು, ನಮ್ಮ ತೂಕ ಕಳೆದು, ಹಗ್ಗ ಬಿಗಿದು, ನಾಲ್ಕೂ ಬದಿಗೆ ಮಾರ್ಕರಿನಲ್ಲಿ ಹೆಸರು ಬರೆದರು ನನ್ನ ಗಂಡ. ಪೆಟ್ಟಿಗೆಯೊಳಗೆ ಐದು ಕಿಲೋ ಕುಚ್ಚಲಕ್ಕಿ, ಮಾವಿನ ಉಪ್ಪಿನಕಾಯಿ, ಒಣ ಸಿಗಡಿಯ ಚಟ್ನಿ ಮತ್ತು ರೈಸ್ ಕುಕ್ಕರ್ ಇದ್ದವು. ದೊಡ್ಡ ಮಗಳಿಗೆ ಆಗ ಹನ್ನೆರಡು ವರ್ಷ. ಕನ್ನಡ, ತುಳು ಎರಡೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಡಗಿನಲ್ಲಿ ದಿನಕ್ಕೆ ಆರು ಸಲ ಊಟವಿರುತ್ತದೆ ಎಂದು ಅವಳು ಇಂಗ್ಲಿಷಿನಲ್ಲಿ ತಿಳಿಹೇಳಿದಳು. ಆರು ಸಲವೂ ಆಲೂಗಡ್ಡೆ ಕೊಡುತ್ತಾರೆ ಎಂದೆ ನಾನು. ಚಿಕ್ಕವಳಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ, ಅನ್ನ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ.

ಮಿಲಾನಿಗೆ ವಿಮಾನ, ಅಲ್ಲಿಂದ ಬಸ್ಸು. ಜಿನೋವಾದ ಬಂದರು ಕಟ್ಟಡಕ್ಕೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಹಡಗು ಐದಕ್ಕೆ ಹೊರಡುವುದಿತ್ತು. ಕಿಟಕಿಯ ಆಚೆ ಬೆಳ್ಳಗೆ, ಆಸ್ಪತ್ರೆಗಿಂತ ದೊಡ್ಡದಾಗಿ ನಿಂತಿತ್ತು. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತರು. ಅಷ್ಟರಲ್ಲಿ ಪೆಟ್ಟಿಗೆ ತಪಾಸಣೆ ಮಾಡುತ್ತಿದ್ದವನು ನಮ್ಮ ಹಗ್ಗ ಬಿಚ್ಚಿ ರೈಸ್ ಕುಕ್ಕರನ್ನು ಎತ್ತಿ ಹಿಡಿದ. ಬಿಸಿಯಾಗುವ ಯಾವ ಯಂತ್ರವನ್ನೂ ಹಡಗಿನ ಕೋಣೆಗೆ ಒಯ್ಯುವಂತಿಲ್ಲವಂತೆ, ಬೆಂಕಿಯ ಭಯ. ಸಾಲಿನಲ್ಲಿದ್ದವರೆಲ್ಲ ಅದೇನು ಸಾಮಾನು ಎಂದು ನೋಡುತ್ತಿದ್ದರು. ದೊಡ್ಡ ಮಗಳು ನಾವು ಯಾರೋ ತಾನು ಯಾರೋ ಎಂಬಂತೆ ನಾಲ್ಕು ಹೆಜ್ಜೆ ಸರಿದು ನಿಂತಳು. ಅವನು ಕುಕ್ಕರಿಗೆ ಒಂದು ಚೀಟಿ ಕಟ್ಟಿ, ಅದರ ಇನ್ನೊಂದು ತುಂಡನ್ನು ನನ್ನ ಕೈಗೆ ಕೊಟ್ಟು, ಇಳಿಯುವ ದಿನ ತೋರಿಸಿ ವಾಪಸ್ಸು ತೆಗೆದುಕೊಳ್ಳಿ ಎಂದ. ಅವಮಾನವಾದರೂ ನಗು ಬಂತು.

ನಿಜವಾದ ಕಷ್ಟ ಮುಂದಿನ ಮೇಜಿನಲ್ಲಿ ಕಾದಿತ್ತು. ಅಲ್ಲಿ ಹಡಗಿನ ಸಮವಸ್ತ್ರದಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದಳು. ನಮ್ಮ ಆಸ್ಪತ್ರೆಯ ಫಿಲಿಪೀನ್ಸ್ ನರ್ಸುಗಳಂತೆಯೇ ಮೃದುವಾದ ಇಂಗ್ಲಿಷ್. ವೀಸಾ ನೋಡಿ, ಟಿಕೆಟ್ ನೋಡಿ, ಕೋಣೆಯ ಕಾರ್ಡುಗಳನ್ನು ಕೊಟ್ಟು, ನಾಲ್ಕು ಪಾಸ್‌ಪೋರ್ಟುಗಳನ್ನು ಒಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿದಳು. ಊರೂರಿನಲ್ಲಿ ಅಧಿಕಾರಿಗಳಿಗೆ ತೋರಿಸಬೇಕಾಗುತ್ತದೆ, ಆದ್ದರಿಂದ ಕೊನೆಯ ದಿನದವರೆಗೆ ಇವು ನಮ್ಮ ಬಳಿಯೇ ಭದ್ರವಾಗಿರುತ್ತವೆ ಎಂದಳು.

ನನ್ನ ಗಂಡ ಕೈ ಚಾಚಿ ಆ ಕಟ್ಟನ್ನು ಅವಳ ಮುಂದಿನಿಂದ ಎತ್ತಿಕೊಂಡುಬಿಟ್ಟರು.

ಪಾಸ್‌ಪೋರ್ಟಿನ ವಿಷಯದಲ್ಲಿ ಅವರದು ಒಂದು ಥರದ ಹಟ ಎಂದು ನನಗೆ ಗೊತ್ತಿತ್ತು. ಆಗ ಕುವೈತಿನಲ್ಲಿ ಎಷ್ಟೋ ಕಂಪೆನಿಗಳು ಕೆಲಸಗಾರರ ಪಾಸ್‌ಪೋರ್ಟ್ ತಾವೇ ಇಟ್ಟುಕೊಳ್ಳುತ್ತಿದ್ದವು. ಊರಿಗೆ ಹೋಗುವಾಗ ಕೊಡುವುದು, ಬಂದ ಮೇಲೆ ವಾಪಸ್ಸು ಪಡೆಯುವುದು, ಅದೇ ರೂಢಿ. ಯುದ್ಧದ ಮೊದಲು ಇವರು ಮಿರ್ಕಾಬ್‌ನ ಒಂದು ಕಂಪೆನಿಯಲ್ಲಿದ್ದರು. ಯುದ್ಧ ಮುಗಿದ ಮೇಲೆ ಆ ಕಂಪೆನಿಯವರೇ ಮೇಲಿನ ಹುದ್ದೆ ಕೊಡುತ್ತೇವೆ ಬಾ ಎಂದು ಕರೆದರು. ಇವರು ಹೋಗಲಿಲ್ಲ. ಪಾಸ್‌ಪೋರ್ಟ್ ನನ್ನ ಹತ್ತಿರವೇ ಇರಬೇಕು ಎಂಬ ಒಂದೇ ಷರತ್ತಿನ ಮೇಲೆ ಶರ್ಕ್‌ನ ಈ ಚಿಕ್ಕ ಕೆಲಸ ಹಿಡಿದರು. ಒಂದು ಪುಸ್ತಕಕ್ಕಾಗಿ ಒಳ್ಳೆಯ ನೌಕರಿ ಬಿಟ್ಟ ಬುದ್ಧಿವಂತ ಎಂದು ನಾನು ಎಷ್ಟು ಸಲ ಚುಚ್ಚಿದ್ದೇನೋ ಲೆಕ್ಕವಿಲ್ಲ. ನಮ್ಮಿಬ್ಬರ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಸ್ವಲ್ಪ ಮೆತ್ತಗೆ ಕೇಳಿಸುತ್ತಿದೆ.

ಅವರು ಆ ಹೆಂಗಸನ್ನು ಕೇಳಿದರು, ಎಲ್ಲಿ ಇಡುತ್ತೀರಿ ಎಂದು. ಕಬ್ಬಿಣದ ಪೆಟ್ಟಿಗೆಯಲ್ಲಿ ಎಂದಳು. ಕೀಲಿಕೈ ಯಾರ ಹತ್ತಿರ ಎಂದರು. ಹಡಗಿನ ಆಫೀಸಿನ ಮುಖ್ಯಸ್ಥರ ಬಳಿ. ಅವರು ಹಡಗಿನಲ್ಲಿಲ್ಲದಾಗ? ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ನಿಟ್ಟುಸಿರು ಬಿಟ್ಟರು. ಇವರು ಬಿಡಲಿಲ್ಲ. ರೈಸ್ ಕುಕ್ಕರಿಗೆ ಚೀಟಿ ಕೊಟ್ಟಿದ್ದೀರಿ, ನಾಲ್ಕು ಪಾಸ್‌ಪೋರ್ಟಿಗೆ ಚೀಟಿ ಇಲ್ಲವೇ ಎಂದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನೂ ನಕ್ಕುಬಿಡುತ್ತಿದ್ದೆ. ಕೊಡದಿದ್ದರೆ ಹಡಗು ಹತ್ತಲು ಆಗುವುದಿಲ್ಲ ಎಂದು ಅವಳು ಮೆಲ್ಲನೆ ಹೇಳಿದಳು. ಹಾಗಾದರೆ ಬೇಡ ಎಂದರು ನನ್ನ ಗಂಡ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅವತ್ತು ಬಂದದ್ದು ಆ ಸಿಟ್ಟಲ್ಲ, ಅದು ಹಳೆಯದು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ವರ್ಷ ನಾನು ಎರಡನೆಯ ಹೆರಿಗೆಗೆಂದು ಊರಿಗೆ ಬಂದಿದ್ದೆ. ಇವರು ಅಲ್ಲಿ, ನಾನು ಇಲ್ಲಿ, ಫೋನ್ ಸತ್ತುಹೋಗಿತ್ತು. ಆಗಸ್ಟ್ ಕೊನೆಯಲ್ಲಿ ಚಿಕ್ಕವಳು ಹುಟ್ಟಿದಾಗ ಅವಳ ಅಪ್ಪ ಬದುಕಿದ್ದಾರೋ ಇಲ್ಲವೋ ಎಂದೇ ನನಗೆ ತಿಳಿದಿರಲಿಲ್ಲ. ಮಗುವಿಗೆ ಹತ್ತು ದಿನವಾದಾಗ, ಫರ್ವಾನಿಯಾದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವರು ಬಾಗ್ದಾದ್, ಅಮ್ಮಾನ್ ದಾಟಿ ಊರು ಮುಟ್ಟಿ, ನನ್ನನ್ನು ನೋಡಲು ಬಂದರು. ಇವರು ಚೆನ್ನಾಗಿದ್ದಾರೆ ಎಂದರು. ಕಾರಿನಲ್ಲಿ ಒಂದು ಜಾಗವಿತ್ತು, ಕರೆದೆವು, ಆಫೀಸಿಗೆ ಹೋಗುವುದಿದೆ, ನೀವು ಹೋಗಿ ಎಂದುಬಿಟ್ಟರು ಎಂದರು. ಇವರು ಬಂದಾಗ ಅಕ್ಟೋಬರ್. ಮಗು ನಗಲು ಕಲಿತಿತ್ತು. ಯಾಕೆ ಆ ಕಾರಿನಲ್ಲಿ ಬರಲಿಲ್ಲ ಎಂದು ಕೇಳಿದರೆ, ಆಫೀಸಿನಲ್ಲಿ ಕೆಲಸವಿತ್ತು ಎಂದರು. ಊರೇ ಹೊತ್ತಿ ಉರಿಯುವಾಗ ಎಂತಹ ಆಫೀಸು, ಎಂತಹ ಕೆಲಸ? ಆ ಪ್ರಶ್ನೆಯನ್ನು ನಾನು ಜಗಳದಲ್ಲೆಲ್ಲ ಎತ್ತಿ ಆಡುತ್ತಿದ್ದೆ. ಅವರು ಒಮ್ಮೆಯೂ ಉತ್ತರ ಕೊಟ್ಟವರಲ್ಲ.

ಜಿನೋವಾದ ಆ ಮೇಜಿನ ಮುಂದೆ, ಅಷ್ಟು ಜನರ ಎದುರು, ಮಕ್ಕಳು ಕೇಳುತ್ತಿರುವಾಗ ನಾನು ಹೇಳಿದೆ:

"ಆ ಸಲ ಕಂಪೆನಿ ಅಂತ ಕೂತ್ರಿ. ಈ ಸಲ ಪಾಸ್‌ಪೋರ್ಟ್ ಅಂತ ಕೂತಿದ್ದೀರಿ. ನಮಗೆ ಅಂತ ಏಳುವುದು ಯಾವಾಗ?"

ಅವರು ನನ್ನನ್ನು ನೋಡಿದರು. ಮುಖದಲ್ಲಿ ಬಣ್ಣವೇ ಇರಲಿಲ್ಲ. ಕಟ್ಟು ಹಿಡಿದ ಕೈ ಹಾಗೆಯೇ ಇತ್ತು.

ಆ ಹೆಂಗಸಿಗೆ ನಮ್ಮ ಮಾತು ತಿಳಿಯದಿದ್ದರೂ ಅದರ ಏಟು ತಿಳಿದಿರಬೇಕು. ಅವಳು ಸಿಡುಕಲಿಲ್ಲ, ಮೇಲಿನವರನ್ನು ಕರೆಯಲಿಲ್ಲ, ಸಾಲಿನವರ ಕಡೆ ನೋಡಿ ನಗಲೂ ಇಲ್ಲ. ಹಡಗಿನ ಹೆಸರಿದ್ದ ಒಂದು ಹಾಳೆ ತೆಗೆದು, ಇವರ ಕೈಯಲ್ಲಿದ್ದ ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ತೆರೆಯಲು ಹೇಳಿ, ನಾಲ್ಕರ ನಂಬರನ್ನೂ ಬರೆದು, ಸಹಿ ಮಾಡಿ, ಮೊಹರು ಒತ್ತಿದಳು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ಕೀಲಿಕೈ ನನ್ನ ಹತ್ತಿರ ಇಲ್ಲ, ಇದೆ ಎಂದು ಸುಳ್ಳು ಹೇಳಲಾರೆ. ಆದರೆ ದಿನಾ ಬೆಳಿಗ್ಗೆ ಎಂಟಕ್ಕೆ ನಾನು ಹಡಗಿನ ಕೌಂಟರಿನಲ್ಲಿರುತ್ತೇನೆ. ನೀವು ಬನ್ನಿ, ಪೆಟ್ಟಿಗೆ ತೆರೆಸಿ ತಂದು ತೋರಿಸುತ್ತೇನೆ ಎಂದಳು.

ನನ್ನ ಗಂಡ ಆ ಹಾಳೆಯನ್ನು ಎರಡು ಸಲ ಓದಿದರು. ಕಟ್ಟನ್ನು ಮೇಜಿನ ಮೇಲಿಟ್ಟರು.

ಹಡಗು ಹತ್ತಿದೆವು, ಆದರೆ ಮಾತಿಲ್ಲ. ಮಕ್ಕಳು ಈಜುಕೊಳ ಕಂಡು ನಮ್ಮನ್ನು ಮರೆತರು. ಚಿಕ್ಕವಳು ಮೊದಲ ಊಟದಲ್ಲೇ ಎರಡು ತಟ್ಟೆ ಪಾಸ್ತಾ ತಿಂದು ನನ್ನ ಐದು ಕಿಲೋ ಅಕ್ಕಿಯ ಮರ್ಯಾದೆ ಕಳೆದಳು. ನಾನು ಬಯಸಿದ್ದ ಕುರ್ಚಿ ಸಿಕ್ಕಿತು, ಎದುರಿಗೆ ಬೇಕಾದಷ್ಟು ಸಮುದ್ರವಿತ್ತು. ಕೂತರೆ ಮಾತ್ರ ಆ ಬಿಳಿಚಿದ ಮುಖವೇ ಕಣ್ಣಿಗೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ, ಮಾರ್ಸೇಲಿನಲ್ಲಿ ಇಳಿಯುವ ಮೊದಲು, ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೌಂಟರಿಗೆ ಹೋದರು. ನಾನು ದೂರದ ಕಂಬದ ಮರೆಯಲ್ಲಿ ನಿಂತೆ, ಅವರು ಯಾರದೋ ಗಂಡ ಎನ್ನುವ ಹಾಗೆ. ಆ ಹೆಂಗಸು ಒಳಗೆ ಹೋಗಿ ಕಟ್ಟು ತಂದು ಇವರ ಮುಂದಿಟ್ಟಳು. ಇವರು ರಬ್ಬರ್ ಬ್ಯಾಂಡ್ ತೆಗೆದು, ನಾಲ್ಕು ಎಂದು ಎಣಿಸಿ, ಮತ್ತೆ ಹಾಕಿ, ಥ್ಯಾಂಕ್ಸ್ ಹೇಳಿ ಬಂದರು. ಒಂದು ನಿಮಿಷವೂ ಆಗಲಿಲ್ಲ. ಮೂರನೆಯ ದಿನವೂ ಅದೇ. ಅವಳು ಇವರನ್ನು ಕಂಡೊಡನೆಯೇ ಎದ್ದು ಒಳಗೆ ಹೋದಳು. ಅವಳ ಮುಖದಲ್ಲಿ ಬೇಸರ ಹುಡುಕಿದೆ, ಸಿಗಲಿಲ್ಲ.

ಮೂರನೆಯ ದಿನ ನಾವಿದ್ದದ್ದು ಬಾರ್ಸಿಲೋನಾದಲ್ಲಿ. ಮರಗಳ ಸಾಲಿನ ಉದ್ದದ ರಸ್ತೆಯಲ್ಲಿ ನಡೆದು ಸುಸ್ತಾಗಿ ಒಂದು ಚೌಕದ ಬೆಂಚಿನಲ್ಲಿ ಕೂತೆವು. ಹನ್ನೊಂದು ಗಂಟೆಯ ಬಿಸಿಲು ಹಿತವಾಗಿತ್ತು. ಕುವೈತಿನಲ್ಲಿ ಆ ತಿಂಗಳು ಹನ್ನೊಂದಕ್ಕೆ ಯಾರೂ ಬೆಂಚಿನಲ್ಲಿ ಕೂರುವುದಿಲ್ಲ. ಮಕ್ಕಳು ಐಸ್‌ಕ್ರೀಮ್ ಹಿಡಿದು ಪಾರಿವಾಳಗಳ ಹಿಂದೆ ಹೋದರು. ಎಲ್ಲರಿಗೂ ಬೇಸರ ಮಾಡಿದ್ದು ಸಾಕು ಅನಿಸಿ, ಕ್ಷಮೆ ಕೇಳುವ ಧೈರ್ಯವಿಲ್ಲದೆ, ನಾನು ಸುತ್ತಿ ಬಳಸಿ ಕೇಳಿದೆ. ಅವಳು ಕೀಲಿಕೈ ಇಲ್ಲ ಎಂದಳಲ್ಲ, ಹಾಗೆಂದ ಮೇಲೆ ನೀವು ಯಾಕೆ ಕೊಟ್ಟಿರಿ?

"ಇಲ್ಲ ಅಂದದ್ದಕ್ಕೇ ಕೊಟ್ಟೆ," ಎಂದರು. "ಮಿರ್ಕಾಬ್‌ನಲ್ಲಿ ನಾನು ಕೀಲಿಕೈ ಉಂಟು ಅನ್ನುವ ಹಾಗೆ ಇದ್ದೆ."

ಆಮೇಲೆ ಹೇಳಿದರು, ಪಾರಿವಾಳಗಳನ್ನು ನೋಡುತ್ತಲೇ. ಮಿರ್ಕಾಬ್‌ನ ಕಂಪೆನಿಯಲ್ಲಿ ಅವರದು ಇಕಾಮಾದ ಕಾಗದಪತ್ರದ ಕೆಲಸ ಎಂದು ನನಗೆ ಗೊತ್ತಿತ್ತು. ಕುವೈತಿನಲ್ಲಿ ವಾಸಿಸುವ ಪರವಾನಗಿಯ ಕೆಲಸ, ಅಷ್ಟೇ ಅಂದುಕೊಂಡಿದ್ದೆ. ಹೊಸದಾಗಿ ಬಂದ ಕೆಲಸಗಾರರಿಂದ ಪಾಸ್‌ಪೋರ್ಟ್ ಇಸಿದುಕೊಳ್ಳುವುದೂ ಅದರೊಳಗೇ ಇತ್ತು. ಡ್ರೈವರುಗಳು, ಗೋದಾಮಿನವರು, ಕ್ಲೀನಿಂಗಿನವರು, ಆಂಧ್ರ, ಕೇರಳ, ಬಿಹಾರದಿಂದ ಬಂದ ಇಪ್ಪತ್ತಮೂರು ಮಂದಿ. ಕೊಡಲು ಹಿಂಜರಿದವರಿಗೆಲ್ಲ ಇವರೇ ನಕ್ಕು, ಭಾಯಿ, ನನ್ನ ಹತ್ತಿರ ಇದ್ದರೆ ನಿನ್ನ ಹತ್ತಿರ ಇದ್ದ ಹಾಗೆ ಎಂದು ಹೇಳಿ ಇಸಿದುಕೊಂಡಿದ್ದರು. ಸೈನ್ಯ ಬಂದಾಗ ಮಾಲೀಕನ ಸಂಸಾರ ಬೇಸಿಗೆ ಕಳೆಯಲು ಯುರೋಪಿನಲ್ಲಿತ್ತು. ಕಬ್ಬಿಣದ ಪೆಟ್ಟಿಗೆಯ ಕೀಲಿಕೈ ಅವರ ಜೊತೆಗಿತ್ತು. ಇಪ್ಪತ್ತಮೂರು ಮಂದಿಯೂ ಮಿರ್ಕಾಬ್‌ನ ಆಫೀಸಿಗೆ ಬಂದು ಇವರನ್ನು ಕೇಳಿದರು. ಅವರಿಗೆ ಗೊತ್ತಿದ್ದ ಮುಖ ಇವರದೊಂದೇ. ಇವರ ಸ್ವಂತ ಪಾಸ್‌ಪೋರ್ಟೂ ಅದೇ ಪೆಟ್ಟಿಗೆಯಲ್ಲಿತ್ತು.

ಕೀಲಿಕೈ ಇರಲಿಲ್ಲ, ಆದರೆ ಎಲ್ಲ ಪಾಸ್‌ಪೋರ್ಟುಗಳ ಫೋಟೋಕಾಪಿಯ ಫೈಲು ಇವರ ಮೇಜಿನಲ್ಲಿತ್ತು. ಅದನ್ನು ಹಿಡಿದು ರಾಯಭಾರ ಕಚೇರಿಯ ಮುಂದೆ ಸಾಲು ನಿಂತರು. ಒಬ್ಬೊಬ್ಬನ ಫೋಟೋಕಾಪಿಯನ್ನೂ ತೋರಿಸಿ, ಇವನು ಇವನೇ ಎಂದು ಸಹಿ ಹಾಕಿ, ಊರಿಗೆ ಹೋಗುವ ತಾತ್ಕಾಲಿಕ ಕಾಗದ ಮಾಡಿಸಿದರು. ಕೆಲವು ದಿನ ಇಬ್ಬರದು ಆಗುತ್ತಿತ್ತು, ಕೆಲವು ದಿನ ಯಾರದೂ ಇಲ್ಲ. ಕೆಳಗಿನ ಮನೆಯವರು ಕಾರಿನಲ್ಲಿ ಕರೆದ ದಿನ ಇನ್ನೂ ಹದಿನೆಂಟು ಮಂದಿ ಬಾಕಿ ಇದ್ದರು. ತಮ್ಮ ಕಾಗದ ಮೊದಲೇ ಮಾಡಿಸಿಕೊಂಡು ಆ ಕಾರು ಹತ್ತಬಹುದಿತ್ತು, ಮಾಡಿಸಿರಲಿಲ್ಲ. ಕೊನೆಯವನನ್ನು ಬಸ್ಸಿಗೆ ಹತ್ತಿಸಿದ ಮರುದಿನ ಇವರು ತಮ್ಮ ಕಾಗದ ಮಾಡಿಸಿಕೊಂಡರು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದರೆ ದೊಡ್ಡ ಉಪಕಾರ ಮಾಡಿದ ಹಾಗೆ ಆಗ್ತದೆ," ಎಂದರು. "ಅವರ ಪಾಸ್‌ಪೋರ್ಟ್ ತೆಗೆದುಕೊಂಡವನೇ ನಾನಲ್ವಾ?"

ನಾನು ಒಂದು ನಿಜ ಹೇಳಬೇಕು. ಆಗ ಈ ವಿಷಯ ಗೊತ್ತಾಗಿದ್ದರೂ ನಾನು, ಅವರೆಲ್ಲ ಹೇಗಾದರೂ ಬರುತ್ತಾರೆ, ನೀವು ಕಾರು ಹತ್ತಿ ಎಂದೇ ಹೇಳುತ್ತಿದ್ದೆ. ಹಸುಗೂಸನ್ನು ಮಡಿಲಲ್ಲಿ ಇಟ್ಟುಕೊಂಡವಳು ಬೇರೆ ಏನು ಹೇಳಿಯಾಳು? ಫೋನ್ ಸತ್ತಿದ್ದದ್ದೇ ಒಳ್ಳೆಯದಾಯಿತು ಎಂದು ಆ ಬೆಂಚಿನಲ್ಲಿ ಮೊದಲ ಸಲ ಅನಿಸಿತು. ನನ್ನ ಮಾತು ಕೇಳಿ ಬಂದಿದ್ದರೆ ನಾನು ಮದುವೆಯಾದ ಮನುಷ್ಯ ಪೂರ್ತಿ ಬರುತ್ತಿರಲಿಲ್ಲ. ಮಕ್ಕಳು ವಾಪಸ್ಸು ಓಡಿ ಬಂದರು. ಚಿಕ್ಕವಳು ಅಪ್ಪನ ತೊಡೆಯ ಮೇಲೆ ಐಸ್‌ಕ್ರೀಮ್ ಚೆಲ್ಲಿದಳು. ಅದನ್ನು ಒರೆಸುವ ನೆಪದಲ್ಲಿ ನಾನು ಅವರ ಕೈ ಹಿಡಿದುಕೊಂಡೆ, ಹಡಗಿನವರೆಗೂ ಬಿಡಲಿಲ್ಲ. ನಮ್ಮ ಕಾಲದವರು ರಸ್ತೆಯಲ್ಲಿ ಹಾಗೆ ನಡೆಯುವ ಕ್ರಮವಿಲ್ಲ. ದೊಡ್ಡ ಮಗಳು ನೋಡಿ ಇಂಗ್ಲಿಷಿನಲ್ಲಿ ಏನೋ ಗೊಣಗಿದಳು, ನಾನು ಕೇಳಿಸಿಕೊಳ್ಳಲಿಲ್ಲ.

ನಾಲ್ಕನೆಯ ದಿನವಿಡೀ ಹಡಗು ಸಮುದ್ರದಲ್ಲೇ ಇತ್ತು. ಬೆಳಿಗ್ಗೆ ಎಂಟಕ್ಕೆ ಇವರು ಹೊರಡುವ ಲಕ್ಷಣ ಕಾಣಲಿಲ್ಲ. ಇವತ್ತು ಬೇಡ, ಇನ್ನು ಒಂದು ದಿನ ತಾನೇ, ಅವಳಿಗೆ ಸುಮ್ಮನೆ ತೊಂದರೆ ಎಂದರು. ನಿಮಗೆ ಬೇಡದಿದ್ದರೆ ಬೇಡ, ನನಗೆ ನೋಡಬೇಕು ಎಂದು ನಾನೇ ಎಬ್ಬಿಸಿ ಕರೆದುಕೊಂಡು ಹೋದೆ. ಕಂಬದ ಮರೆ ಬಿಟ್ಟು ಕೌಂಟರಿನ ಮುಂದೆ ಅವರ ಪಕ್ಕದಲ್ಲೇ ನಿಂತೆ. ಆ ಹೆಂಗಸು ಇಬ್ಬರನ್ನೂ ನೋಡಿ ಮುಗುಳ್ನಕ್ಕು, ಒಳಗೆ ಹೋಗಿ ಕಟ್ಟು ತಂದಳು. ನಾನು ಅವಳಿಗೆ ನಮ್ಮ ಕಥೆ ಹೇಳಲಿಲ್ಲ. ನೀವು ಅವತ್ತು ಸಿಟ್ಟು ಮಾಡಿಕೊಂಡಿದ್ದರೆ ನಾವು ವಾಪಸ್ಸು ಹೋಗಿಬಿಡುತ್ತಿದ್ದೆವು, ಅದಕ್ಕೆ ಥ್ಯಾಂಕ್ಸ್ ಎಂದಷ್ಟೇ ಹೇಳಿದೆ. ಅವಳು ತನ್ನ ಅಣ್ಣನೂ ಸೌದಿಯಲ್ಲಿದ್ದಾನೆ ಎಂದಳು. ಅವನ ಪಾಸ್‌ಪೋರ್ಟೂ ಕಂಪೆನಿಯ ಹತ್ತಿರವೇ ಇದೆಯಂತೆ.

ನಾನು ಕಟ್ಟು ಬಿಚ್ಚಿದೆ. ಮೇಲಿದ್ದದ್ದು ಇವರದು. ಇವರು ಯಾವಾಗಲೂ ಎಣಿಸುತ್ತಿದ್ದರು, ನಾನು ತೆರೆದೆ. ಯುದ್ಧದಿಂದ ಬಂದ ವಾರದಲ್ಲಿ, ಹೊಸ ಪಾಸ್‌ಪೋರ್ಟಿಗೆಂದು ಮಂಗಳೂರಿನ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಅದರಲ್ಲಿತ್ತು. ಆ ವಾರ ನಾನು ಇವರೊಂದಿಗೆ ಮಾತು ಬಿಟ್ಟಿದ್ದೆ, ಸ್ಟುಡಿಯೋಗೆ ಒಬ್ಬರೇ ಹೋಗಿದ್ದರು. ತೊಟ್ಟದ್ದು ನನ್ನ ತಮ್ಮನ ಅಂಗಿ, ಕಾಲರಿನೊಳಗೆ ಎರಡು ಕುತ್ತಿಗೆ ಹಿಡಿಸುವಷ್ಟು ಸಡಿಲ. ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಮಾತ್ರ ಕ್ಯಾಮೆರಾವನ್ನು ನೆಟ್ಟಗೆ ನೋಡುತ್ತಿತ್ತು. ವೀಸಾ ಅರ್ಜಿ ತುಂಬುವಾಗ, ಇಕಾಮಾ ನವೀಕರಿಸುವಾಗ, ಎಷ್ಟು ಸಲ ಆ ಪುಟ ತೆರೆದಿದ್ದೆ. ನೋಡಿರಲಿಲ್ಲ. ಇಷ್ಟು ಸೊರಗಿ ಬಂದ ಮುಖದ ಹತ್ತಿರ ನಾನು ಜಗಳ ಮಾಡಿದ್ದೆ.

ತಪ್ಪಾಯಿತು ಎಂದು ತುಳುವಿನಲ್ಲಿ ಹೇಳಿದೆ. ಆ ಕೌಂಟರಿನಲ್ಲಿ ಅದು ಅರ್ಥವಾಗುವುದು ಒಬ್ಬರಿಗೆ ಮಾತ್ರ. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟರು. ಆ ಹೆಂಗಸು ಉಳಿದ ಮೂರು ಪಾಸ್‌ಪೋರ್ಟುಗಳನ್ನು ಜೋಡಿಸಿಕೊಂಡು, ನಾಲ್ಕನೆಯದಕ್ಕೆ ಕೈ ಚಾಚಿದಳು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಬಿಡಲು ಆಗಲಿಲ್ಲ.

"ಕೊಡು ಮಾರಾಯ್ತಿ," ಎಂದರು ನನ್ನ ಗಂಡ. "ಎಂತದೂ ಆಗುವುದಿಲ್ಲ. ಕೊಡು."